ಪ್ರಿಂಟರಿಗೆ ಸ್ಟ್ಯಾಟಿಕ್ ಐಪಿ ಹಾಕಬೇಕಾ? ಡಿಎಚ್‌ಸಿಪಿ, ರಿಸರ್ವೇಶನ್, ಸ್ಟ್ಯಾಟಿಕ್: ಯಾವುದು ಎಲ್ಲಿಗೆ

ಶನಿವಾರ ಸಂಜೆವರೆಗೆ ಚೆನ್ನಾಗಿ ಕೆಲಸ ಮಾಡಿದ ಆಫೀಸಿನ ಪ್ರಿಂಟರ್ ಸೋಮವಾರ ಬೆಳಿಗ್ಗೆ 'ಆಫ್‌ಲೈನ್' ಅಂತ ತೋರಿಸುತ್ತದೆ. ಪ್ರಿಂಟರ್ ಆನ್ ಇದೆ, ವೈಫೈ ದೀಪ ಉರಿಯುತ್ತಿದೆ, ಟ್ರೇಯಲ್ಲಿ ಕಾಗದವೂ ಇದೆ. ಯಾರೋ ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಪ್ರಿಂಟ್ ಬರುತ್ತದೆ. ಡ್ರೈವರೇ ಕೆಟ್ಟಿತ್ತು ಅಂತ ಎಲ್ಲರೂ ನಂಬುತ್ತಾರೆ. ಕೆಟ್ಟಿದ್ದು ಡ್ರೈವರ್ ಅಲ್ಲ. ಭಾನುವಾರ ಕರೆಂಟು ಹೋಗಿ ಬಂದಾಗ ಪ್ರಿಂಟರಿನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್, 192.168.1.105 ಇದ್ದದ್ದು 192.168.1.112 ಆಗಿದೆ. ಕಂಪ್ಯೂಟರ್ ಮಾತ್ರ ಹಳೇ ನಂಬರಿಗೇ ಫೈಲ್ ಕಳಿಸುತ್ತಾ ಕೂತಿದೆ.

ಏನು ಮಾಡೋದು ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 'ಸ್ಟ್ಯಾಟಿಕ್ ಐಪಿ ಹಾಕ್ಬಿಡಿ' ಅಂತ, ಅಂದರೆ ಬದಲಾಗದ ನಂಬರನ್ನು ಕೈಯಾರೆ ಬರೆದುಬಿಡಿ ಅಂತ. ಅದು ಒಂದು ದಾರಿ, ಆದರೆ ಒಂದೇ ದಾರಿಯಲ್ಲ. ಬಹಳಷ್ಟು ಕಡೆ ಒಳ್ಳೆಯ ದಾರಿಯೂ ಅಲ್ಲ. ಯಾವ ಸಾಧನಕ್ಕೆ ಹೇಗೆ ಐಪಿ ಕೊಡಬೇಕು ಅನ್ನೋದನ್ನು ನಾನು ಒಂದು ಪ್ರಶ್ನೆಯಿಂದ ತೀರ್ಮಾನಿಸುತ್ತೇನೆ: ಈ ಸಾಧನವನ್ನು ಬೇರೆಯವು ಹುಡುಕಿಕೊಂಡು ಬರುತ್ತವೋ, ಅಥವಾ ಇದೇ ಬೇರೆಯದನ್ನು ಹುಡುಕಿಕೊಂಡು ಹೋಗುತ್ತದೋ? ನಿಮ್ಮ ಫೋನನ್ನು ಮನೆಯೊಳಗೆ ಯಾರೂ ಹುಡುಕಿ ಬರುವುದಿಲ್ಲ, ಅದೇ ಹೊರಗೆ ಹೋಗಿ ಯೂಟ್ಯೂಬ್ ಹುಡುಕುತ್ತದೆ. ಅದರ ನಂಬರ್ ದಿನಾ ಬದಲಾದರೂ ಯಾರಿಗೂ ನಷ್ಟವಿಲ್ಲ. ಪ್ರಿಂಟರ್, ಕ್ಯಾಮೆರಾದ ಡಿವಿಆರ್ (ರೆಕಾರ್ಡ್ ಮಾಡುವ ಡಬ್ಬಿ), ಅಕೌಂಟ್ಸ್ ಡೇಟಾ ಇಟ್ಟಿರುವ ಕಂಪ್ಯೂಟರ್, ಇವನ್ನು ಉಳಿದವರು ಹುಡುಕಿ ಬರಬೇಕು. ಇವುಗಳ ನಂಬರ್ ನಿಲ್ಲಬೇಕು. ಹೇಗೆ ನಿಲ್ಲಿಸೋದು ಅನ್ನೋದೇ ಇಲ್ಲಿನ ವಿಷಯ.

## ತುಂಬಬೇಕಾದದ್ದು ನಾಲ್ಕು ಖಾನೆ

ಐಪಿ ಅಂದರೆ ಬರೀ ಒಂದು ನಂಬರ್ ಅಲ್ಲ. ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಬದುಕಬೇಕಾದರೆ ನಾಲ್ಕು ವಿಷಯ ಗೊತ್ತಿರಬೇಕು. ತನ್ನ ವಿಳಾಸ. ಸಬ್‌ನೆಟ್ ಮಾಸ್ಕ್, ಅಂದರೆ ಯಾರ್ಯಾರು ತನ್ನ ಪಕ್ಕದವರು ಎಂದು ತಿಳಿಸುವ ಲೆಕ್ಕ. ಗೇಟ್‌ವೇ, ಅಂದರೆ ಹೊರಗೆ ಹೋಗಲು ಬಾಗಿಲು, ಹೆಚ್ಚಾಗಿ ರೌಟರ್. ನಾಲ್ಕನೆಯದು ಡಿಎನ್‌ಎಸ್, ಸೈಟಿನ ಹೆಸರು ಕೊಟ್ಟರೆ ನಂಬರ್ ಹೇಳುವ ಸರ್ವರ್. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ 'ನೆಟ್ ಇಲ್ಲ' ಅನ್ನೋ ಒಂದೇ ದೂರು ಬರುತ್ತದೆ.

ಮನೆ, ಆಫೀಸಿನೊಳಗೆ ಬಳಸುವ ನಂಬರ್‌ಗಳು 10, 172.16 ರಿಂದ 172.31 ಮತ್ತು 192.168 ರಿಂದ ಶುರುವಾಗುತ್ತವೆ. ಇವು ಖಾಸಗಿ ಬಳಕೆಗೆ ಎಂದು 1996ರಲ್ಲಿ ಈಗಿನ ರೂಪದಲ್ಲಿ ನಿಗದಿಯಾದವು. ಇಂಟರ್ನೆಟ್ಟಿನಲ್ಲಿ ಇವಕ್ಕೆ ಬೆಲೆ ಇಲ್ಲ. ನಿಮ್ಮ ಮನೆಯಲ್ಲೂ 192.168.1.5 ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು. ಇಂಟರ್ನೆಟ್ ಕಂಪನಿಯವರು ತಿಂಗಳಿಗೆ ಇಷ್ಟು ಅಂತ ದುಡ್ಡು ತಗೊಂಡು ಕೊಡುವ 'ಸ್ಟ್ಯಾಟಿಕ್ ಐಪಿ' ಬೇರೆಯೇ ವಿಷಯ, ಅದು ಹೊರಗಿನ ವಿಳಾಸ. ಪ್ರಿಂಟರ್ ಸರಿಮಾಡಲು ಅದಕ್ಕೆ ದುಡ್ಡು ಕೊಡಬೇಡಿ.

## ಡಿಎಚ್‌ಸಿಪಿ: ಸುಮ್ನೆ ಬಿಟ್ಟರೆ ಆಗುವುದು

ಏನೂ ಮುಟ್ಟದೆ ಇದ್ದರೆ ಹೆಚ್ಚಿನ ಸಾಧನಗಳು ಡಿಎಚ್‌ಸಿಪಿಯಲ್ಲಿ, ಅಂದರೆ ವಿಳಾಸವನ್ನು ರೌಟರಿನಿಂದ ತಾನಾಗಿ ಕೇಳಿ ಪಡೆಯುವ ಪದ್ಧತಿಯಲ್ಲಿ, ಇರುತ್ತವೆ. ಈ ಪದ್ಧತಿ 1993ರಲ್ಲಿ ಬಂತು. ಈಗ ಎಲ್ಲರೂ ಅನುಸರಿಸುವ ರೂಪ 1997ರದ್ದು. ಅದಕ್ಕೂ ಮುಂಚೆ 1985ರ ಬೂಟ್‌ಪಿ ಎಂಬುದೊಂದಿತ್ತು. ಅದರಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ ಅಂತ ಪಟ್ಟಿ ಬರೆದಿಡಬೇಕಿತ್ತು. ಪಟ್ಟಿಯಲ್ಲಿ ಇಲ್ಲದವನಿಗೆ ವಿಳಾಸ ಇಲ್ಲ. ಬಂದವರಿಗೆಲ್ಲ ತಾನಾಗಿ ಕೊಟ್ಟು, ಅವಧಿ ಮುಗಿದ ಮೇಲೆ ವಾಪಸ್ ತಗೊಳ್ಳುವ ವ್ಯವಸ್ಥೆ ಡಿಎಚ್‌ಸಿಪಿಯಿಂದ ಬಂತು.

ನಡೆಯುವುದು ನಾಲ್ಕು ಮಾತಿನ ಸಂಭಾಷಣೆ. ಲ್ಯಾಪ್‌ಟಾಪ್ ಈಗಷ್ಟೇ ವೈಫೈಗೆ ಸೇರಿದೆ ಅನ್ನಿ. ಅದಕ್ಕೆ ವಿಳಾಸ ಇಲ್ಲ, ಆದ್ದರಿಂದ ತನ್ನ ವಿಳಾಸ 0.0.0.0 ಅಂತ ಬರೆದು, 255.255.255.255ಕ್ಕೆ, ಅಂದರೆ ಕೇಳಿಸಿಕೊಳ್ಳುವ ಎಲ್ಲರಿಗೂ, 'ವಿಳಾಸ ಕೊಡೋರು ಯಾರಾದ್ರೂ ಇದ್ದೀರಾ?' ಎಂದು ಕೂಗುತ್ತದೆ. ಇದು ಡಿಸ್ಕವರ್. ರೌಟರ್ ಒಳಗಿನ ಡಿಎಚ್‌ಸಿಪಿ ಸರ್ವರ್ '192.168.1.105 ಖಾಲಿ ಇದೆ, ಬೇಕಾ?' ಅನ್ನುತ್ತದೆ. ಇದು ಆಫರ್. 'ಬೇಕು, ಅದನ್ನೇ ಕೊಡಿ' ಎಂಬುದು ರಿಕ್ವೆಸ್ಟ್. 'ಸರಿ, ಇಷ್ಟು ಹೊತ್ತಿಗೆ ನಿನ್ನದು' ಎಂಬುದು ಅಕ್ನಾಲೆಜ್. ಉಳಿದ ಮೂರು ಖಾನೆಗಳ ಉತ್ತರವೂ ಇದರ ಜೊತೆಗೇ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮೂರನೇ ಮಾತು ಯಾಕೆ ಬೇಕು? ಆಫರ್ ಬಂದ ಮೇಲೆ ಮುಗಿಯಿತಲ್ವಾ? ಇಲ್ಲ. ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ಸರ್ವರ್ ಇರಬಹುದು, ಇಬ್ಬರೂ ಆಫರ್ ಕೊಡಬಹುದು. ಯಾರದನ್ನು ಒಪ್ಪಿದೆ ಅಂತ ಎಲ್ಲರಿಗೂ ಕೇಳುವಂತೆ ಹೇಳಿದರೆ, ಇನ್ನೊಬ್ಬರು ತಾವು ಹಿಡಿದಿಟ್ಟ ವಿಳಾಸವನ್ನು ಬಿಡುತ್ತಾರೆ. ಈ 'ಇಬ್ಬರು ಸರ್ವರ್' ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ಕೊಟ್ಟ ವಿಳಾಸ ಬಾಡಿಗೆ ಮನೆಯ ಹಾಗೆ, ಕರಾರಿಗೆ ಅವಧಿ ಇದೆ. ಅದನ್ನು ಲೀಸ್ ಎನ್ನುತ್ತಾರೆ. ವಿಂಡೋಸ್ ಸರ್ವರ್‌ನಲ್ಲಿ ಏನೂ ಬದಲಿಸದಿದ್ದರೆ 8 ದಿನ, ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೌಟರ್‌ಗಳಲ್ಲಿ 12 ಗಂಟೆ, ಟಿಪಿ-ಲಿಂಕ್‌ನ ಎಷ್ಟೋ ಮಾದರಿಗಳಲ್ಲಿ 120 ನಿಮಿಷ. ಲೀಸ್ ಮುಗಿಯುವವರೆಗೆ ಯಾವ ಸಾಧನವೂ ಕಾಯುವುದಿಲ್ಲ. ಅರ್ಧ ಅವಧಿ ಆದಾಗಲೇ ವಿಳಾಸ ಕೊಟ್ಟ ಸರ್ವರನ್ನೇ ಕೇಳಿ ನವೀಕರಿಸಿಕೊಳ್ಳುತ್ತದೆ. ಉತ್ತರ ಬರದಿದ್ದರೆ ಮತ್ತೆ ಮತ್ತೆ ಕೇಳುತ್ತದೆ. ಶೇ. 87.5ರಷ್ಟು ಅವಧಿ ಕಳೆದರೂ ಸುದ್ದಿ ಇಲ್ಲದಿದ್ದರೆ, ಯಾರಾದರೂ ಸರಿ ಅಂತ ಎಲ್ಲರನ್ನೂ ಕೇಳುತ್ತದೆ. ಪೂರ್ತಿ ಮುಗಿದರೆ ವಿಳಾಸ ಬಿಡಲೇಬೇಕು.

ಅಂದರೆ ಆನ್ ಆಗಿಯೇ ಇರುವ ಸಾಧನದ ಐಪಿ ಸುಮ್ಮಸುಮ್ಮನೆ ಬದಲಾಗುವುದಿಲ್ಲ. ಹಾಗಾದರೆ ಪ್ರಿಂಟರಿಗೆ ಏನಾಯಿತು? ಕರೆಂಟು ಹೋಯಿತು, ಅಷ್ಟೇ. ಎಷ್ಟೋ ಸಣ್ಣ ರೌಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟೆ ಎಂಬ ಪಟ್ಟಿಯನ್ನು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಂಡಿರುತ್ತವೆ. ಕರೆಂಟು ಹೋದರೆ ಪಟ್ಟಿಯೂ ಹೋಯಿತು. ಮತ್ತೆ ಬಂದಾಗ ಬ್ಯಾಟರಿ ಮೇಲಿದ್ದ ಫೋನ್, ಲ್ಯಾಪ್‌ಟಾಪ್‌ಗಳು ಮೊದಲು ಸೇರಿಕೊಳ್ಳುತ್ತವೆ. ಪ್ರಿಂಟರ್ ನಿಧಾನವಾಗಿ ಏಳುವಷ್ಟರಲ್ಲಿ 105 ಬೇರೆಯವರ ಪಾಲಾಗಿರುತ್ತದೆ. ಸಾಧನ 'ನನಗೆ ಮುಂಚೆ 105 ಇತ್ತು' ಎಂದು ಕೇಳಬಹುದು, ಖಾಲಿ ಇದ್ದರೆ ಕೆಲವು ರೌಟರ್‌ಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಎಲ್ಲ ರೌಟರ್‌ಗಳೂ ಹೀಗೇ ಅಂತಲ್ಲ. ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಬಳಸುವವು ಸಾಧನದ ಮ್ಯಾಕ್ ಅಡ್ರೆಸ್ಸಿನಿಂದಲೇ (ನೆಟ್‌ವರ್ಕಿಗೆ ಸೇರುವ ಭಾಗಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ವಿಳಾಸ ಆರಿಸುತ್ತವೆ. ಪಟ್ಟಿ ಕಳೆದುಹೋದರೂ ಹೆಚ್ಚಿನ ಸಲ ಅದೇ ವಿಳಾಸ ವಾಪಸ್ ಬರುತ್ತದೆ. 'ನಮ್ಮಲ್ಲಿ ಯಾವತ್ತೂ ಬದಲಾಗೇ ಇಲ್ಲ' ಅನ್ನುವವರು ಇಂಥ ರೌಟರ್ ಇಟ್ಟುಕೊಂಡಿರಬಹುದು. ಅದು ಅದೃಷ್ಟ, ಭರವಸೆ ಅಲ್ಲ.

ಡಿಎಚ್‌ಸಿಪಿ ಯಾರಿಗೆ? ಫೋನ್, ಲ್ಯಾಪ್‌ಟಾಪ್, ಟಿವಿ, ಬಂದುಹೋಗುವ ಅತಿಥಿಗಳು, ಹುಡುಕಿಕೊಂಡು ಹೋಗುವವರೆಲ್ಲರಿಗೂ. ಇದರಲ್ಲಿ ಚರ್ಚೆಯೇ ಬೇಡ.

## ಸ್ಟ್ಯಾಟಿಕ್: ಕೈಯಾರೆ ಬರೆದಿಡುವುದು

ಸಾಧನದ ಒಳಗೇ ಹೋಗಿ ನಾಲ್ಕೂ ಖಾನೆ ನೀವೇ ತುಂಬುವುದು ಸ್ಟ್ಯಾಟಿಕ್. ರೌಟರ್ ಸತ್ತರೂ, ಡಿಎಚ್‌ಸಿಪಿ ನಿಂತರೂ ಇದರ ನಂಬರ್ ಇದ್ದಲ್ಲೇ ಇರುತ್ತದೆ. ಅದೇ ಇದರ ನಿಜವಾದ ಬಲ. ಉಳಿದ ಕಡೆ ಇದು ತಲೆನೋವು ತರುವುದೇ ಜಾಸ್ತಿ.

ಮೊದಲ ತಲೆನೋವು, ಒಂದೇ ನಂಬರಿಗೆ ಇಬ್ಬರು. ಸಾಮಾನ್ಯವಾಗಿ ನಡೆಯುವುದು ಹೀಗೆ. ಪ್ರಿಂಟರಿಗೆ 192.168.1.105 ಹಾಕೋಣ ಅಂತ ಯಾರೋ ಪಿಂಗ್ ಮಾಡಿ, ಅಂದರೆ ಆ ನಂಬರಿಗೆ 'ಇದ್ದೀಯಾ?' ಅಂತ ಕೇಳುವ ಕಮಾಂಡ್ ಕೊಟ್ಟು, ನೋಡುತ್ತಾರೆ. ಉತ್ತರ ಇಲ್ಲ. ಖಾಲಿ ಇದೆ ಅಂತ ಬರೆದುಬಿಡುತ್ತಾರೆ. ಆ ನಂಬರ್ ಆಗಲೇ ಒಬ್ಬರ ಲ್ಯಾಪ್‌ಟಾಪಿಗೆ ಲೀಸ್ ಆಗಿತ್ತು, ಅವರು ಊಟಕ್ಕೆ ಹೋಗಿದ್ದರು, ಲ್ಯಾಪ್‌ಟಾಪ್ ನಿದ್ದೆಯಲ್ಲಿತ್ತು. ಅವರು ವಾಪಸ್ ಬಂದು ಮುಚ್ಚಳ ತೆರೆದ ಮೇಲೆ ಒಮ್ಮೆ ಪ್ರಿಂಟ್ ಬರುತ್ತದೆ, ಒಮ್ಮೆ ಬರುವುದಿಲ್ಲ. ವಿಂಡೋಸ್ ಕೆಲವೊಮ್ಮೆ 'ಐಪಿ ಕಾನ್‌ಫ್ಲಿಕ್ಟ್' ಅಂತ ಎಚ್ಚರಿಕೆ ಕೊಡುತ್ತದೆ, ಪ್ರಿಂಟರ್ ಪಾಪ ಏನೂ ಹೇಳುವುದಿಲ್ಲ. ವಿಂಡೋಸ್ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದಂತೆ ತಡೆಯುವುದೂ ಉಂಟು. ಹಾಗಾಗಿ ಪಿಂಗ್ ಉತ್ತರ ಬರಲಿಲ್ಲ ಅಂದರೆ ಖಾಲಿ ಇದೆ ಅಂತ ಅರ್ಥವಲ್ಲ. ಸ್ಟ್ಯಾಟಿಕ್ ಹಾಕುವುದಾದರೆ ರೌಟರ್ ತಾನಾಗಿ ಹಂಚುವ ನಂಬರ್‌ಗಳ ಸಾಲಿನ, ಅಂದರೆ ಪೂಲಿನ, ಹೊರಗಿನ ನಂಬರನ್ನೇ ಹಾಕಬೇಕು. ವಿಳಾಸದ ಕೊನೆಯ ಭಾಗದಲ್ಲಿ ಪೂಲ್ 100 ರಿಂದ 249 ಇದ್ದರೆ ನಿಮ್ಮ ಸ್ಟ್ಯಾಟಿಕ್ ನಂಬರ್‌ಗಳು 100ಕ್ಕಿಂತ ಕೆಳಗೆ ಇರಲಿ.

ಎರಡನೆಯದು ನಮ್ಮ ಕಡೆ ತುಂಬಾ ನೋಡಸಿಗುವ ಕಥೆ: ಇಂಟರ್ನೆಟ್ ಕಂಪನಿ ಬದಲಾಯಿಸುವುದು. ಹಳೇ ರೌಟರ್ 192.168.1.1 ಇತ್ತು. ಹೊಸದು ಜಿಯೋ ಫೈಬರಿನದು, ಅದರ ವಿಳಾಸ 192.168.29.1. ಫೋನ್, ಲ್ಯಾಪ್‌ಟಾಪ್‌ಗಳು ಡಿಎಚ್‌ಸಿಪಿಯಲ್ಲಿದ್ದವು, ಹೊಸ ನಂಬರ್ ತಗೊಂಡು ಮುಂದೆ ಹೋದವು. ಕ್ಯಾಮೆರಾ ಹಾಕಿದವರು ಮೂರು ವರ್ಷದ ಹಿಂದೆ ಡಿವಿಆರ್‌ಗೆ 192.168.1.50 ಅಂತ ಬರೆದು ಹೋಗಿದ್ದರು. ಅದು ಈಗ ಯಾರಿಗೂ ಸಿಗುವುದಿಲ್ಲ. ರೆಕಾರ್ಡಿಂಗ್ ನಡೆಯುತ್ತಲೇ ಇದೆ, ಟಿವಿಯಲ್ಲಿ ಚಿತ್ರವೂ ಬರುತ್ತಿದೆ, ಫೋನಿನಲ್ಲಿ ಮಾತ್ರ ಇಲ್ಲ. ಮಾಲೀಕರು ಹೊಸ ಇಂಟರ್ನೆಟ್ ಕಂಪನಿಗೆ ಬೈಯುತ್ತಾರೆ.

ಇಂಥ ಕಳೆದುಹೋದ ಸಾಧನವನ್ನು ಹಿಡಿಯುವುದು ಕಷ್ಟವಲ್ಲ. ಒಂದು ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ 192.168.1.200, ಮಾಸ್ಕ್ 255.255.255.0 ಅಂತ ಕೈಯಾರೆ ಕೊಡಿ. ಗೇಟ್‌ವೇ ಖಾಲಿ ಬಿಡಿ. ಡಿವಿಆರ್‌ನಿಂದ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ, ಬ್ರೌಸರಿನಲ್ಲಿ 192.168.1.50 ತೆರೆದರೆ ಲಾಗಿನ್ ಪುಟ ಬರುತ್ತದೆ. ಅಲ್ಲಿ ಡಿಎಚ್‌ಸಿಪಿ ಆನ್ ಮಾಡಿ. ಆಮೇಲೆ ಲ್ಯಾಪ್‌ಟಾಪನ್ನು ವಾಪಸ್ 'ಆಟೊಮ್ಯಾಟಿಕ್' ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಈಗ ಲ್ಯಾಪ್‌ಟಾಪಿನ ಸರದಿ.

ಮೂರನೆಯದು ಡಿಎನ್‌ಎಸ್. ಕೈಯಾರೆ ಬರೆದ ಡಿಎನ್‌ಎಸ್ ನಂಬರ್ ಹಳೇ ಇಂಟರ್ನೆಟ್ ಕಂಪನಿಯದಾಗಿದ್ದರೆ ಹೊಸ ಕನೆಕ್ಷನ್ನಿನಲ್ಲಿ ಅದು ಉತ್ತರ ಕೊಡದಿರಬಹುದು. ಆಗ ಪಿಂಗ್ ಹೋಗುತ್ತದೆ, ಸೈಟ್ ಮಾತ್ರ ತೆರೆಯುವುದಿಲ್ಲ.

ಹಾಗಾದರೆ ಸ್ಟ್ಯಾಟಿಕ್ ಯಾರಿಗೆ? ರೌಟರಿಗೇ. ವಿಳಾಸ ಹಂಚುವವನು ಬೇರೆಯವರನ್ನು ಕೇಳುವ ಹಾಗಿಲ್ಲ. ಮ್ಯಾನೇಜ್ಡ್ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ, ಒಳಗೆ ಹೋಗಿ ಸೆಟ್ಟಿಂಗ್ ಬದಲಿಸಬಹುದಾದ ಡಬ್ಬಿ), ವೈಫೈ ಆಕ್ಸೆಸ್ ಪಾಯಿಂಟುಗಳಿಗೂ ಹಾಕಬಹುದು, ಏನಾದರೂ ಕೆಟ್ಟಾಗ ಮೊದಲು ಒಳಗೆ ಹೋಗಬೇಕಾದದ್ದು ಅಲ್ಲಿಗೇ. ಇನ್ನೊಂದು ಜಾಗ ಇದೆ, ಹೋಟೆಲಿನ ಅಡುಗೆಮನೆ. ಅದನ್ನು ಕೊನೆಗೆ ಹೇಳುತ್ತೇನೆ.

## ರಿಸರ್ವೇಶನ್: ನನ್ನ ವೋಟು ಇದಕ್ಕೆ

ರಿಸರ್ವೇಶನ್ನಿನಲ್ಲಿ ಸಾಧನ ಡಿಎಚ್‌ಸಿಪಿಯಲ್ಲೇ ಇರುತ್ತದೆ, ಪ್ರತಿ ಸಲ ಕೇಳಿಯೇ ವಿಳಾಸ ಪಡೆಯುತ್ತದೆ. ಆದರೆ ರೌಟರಿನಲ್ಲಿ 'ಈ ಮ್ಯಾಕ್ ಅಡ್ರೆಸ್ ಬಂದರೆ ಈ ನಂಬರ್ ಮಾತ್ರ' ಅಂತ ಬರೆದಿಟ್ಟಿರುತ್ತೀರಿ. ಕರೆಂಟು ಹತ್ತು ಸಲ ಹೋಗಿ ಬಂದರೂ ಅದೇ ನಂಬರ್. ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಬದಲಾದರೆ ರೌಟರಿನಲ್ಲಿ ಒಂದೇ ಕಡೆ ಬದಲಿಸಿದರೆ ಸಾಕು. ಯಾವ ನಂಬರ್ ಯಾರದು ಅಂತ ಪಟ್ಟಿಯೂ ತಾನಾಗಿ ಸಿದ್ಧ. ಇಂಟರ್ನೆಟ್ ಕಂಪನಿ ಬದಲಾದಾಗ ಡಿವಿಆರ್ ಕಳೆದುಹೋಗುವುದಿಲ್ಲ. ಹೊಸ ರೌಟರಿನಿಂದ ಯಾವುದೋ ಒಂದು ನಂಬರ್ ತಗೊಂಡು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಮತ್ತೆ ಕಟ್ಟಿಹಾಕಬಹುದು.

ರೌಟರ್ ಪುಟದಲ್ಲಿ ಇದಕ್ಕೆ ಒಂದೊಂದು ಕಡೆ ಒಂದೊಂದು ಹೆಸರು: ಅಡ್ರೆಸ್ ರಿಸರ್ವೇಶನ್, ಸ್ಟ್ಯಾಟಿಕ್ ಲೀಸ್, ಐಪಿ-ಮ್ಯಾಕ್ ಬೈಂಡಿಂಗ್. 'ಸ್ಟ್ಯಾಟಿಕ್ ಲೀಸ್' ಎಂಬ ಹೆಸರು ನೋಡಿ ಇದೇ ಸ್ಟ್ಯಾಟಿಕ್ ಐಪಿ ಅಂದುಕೊಂಡು, ಸಾಧನದಲ್ಲೂ ಕೈಯಾರೆ ಅದೇ ನಂಬರ್ ಬರೆಯುವವರಿದ್ದಾರೆ. ಎರಡೂ ಕಡೆ ಮಾಡಬೇಡಿ. ಸಾಧನ ಆಟೊಮ್ಯಾಟಿಕ್‌ನಲ್ಲೇ ಇರಲಿ.

ಮ್ಯಾಕ್ ಅಡ್ರೆಸ್ ಹುಡುಕುವುದು ಹೇಗೆ? ಸುಲಭದ ದಾರಿ, ರೌಟರ್ ಪುಟದ ಡಿಎಚ್‌ಸಿಪಿ ಕ್ಲೈಂಟ್ ಪಟ್ಟಿ. ಅಲ್ಲಿ ಹೆಸರು ಅಸ್ಪಷ್ಟವಾಗಿದ್ದರೆ ಪ್ರಿಂಟರಿನ ಮೆನುವಿನಲ್ಲಿ ನೆಟ್‌ವರ್ಕ್ ಕಾನ್ಫಿಗರೇಶನ್ ಪುಟ ಪ್ರಿಂಟ್ ಮಾಡಿ. ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರ್ ಆದರೆ, ಹೆಚ್ಚಿನ ಮಾದರಿಗಳಲ್ಲಿ ಆಫ್ ಮಾಡಿ, ಫೀಡ್ ಬಟನ್ ಒತ್ತಿ ಹಿಡಿದುಕೊಂಡೇ ಆನ್ ಮಾಡಬೇಕು. ಸೆಲ್ಫ್ ಟೆಸ್ಟ್ ಚೀಟಿ ಉದ್ದಕ್ಕೆ ಬರುತ್ತದೆ. ನೆಟ್‌ವರ್ಕ್ ಇರುವ ಪ್ರಿಂಟರ್ ಆದರೆ ಹೆಚ್ಚಾಗಿ ಐಪಿ ಅದರಲ್ಲೇ ಇರುತ್ತದೆ, ಆ ಐಪಿಯನ್ನು ರೌಟರ್ ಪಟ್ಟಿಯಲ್ಲಿ ಹುಡುಕಿದರೆ ಮ್ಯಾಕ್ ಸಿಗುತ್ತದೆ. ವಿಂಡೋಸ್‌ನಲ್ಲಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ (ipconfig /all) ಕೊಟ್ಟರೆ 'ಫಿಸಿಕಲ್ ಅಡ್ರೆಸ್' ಎಂಬ ಸಾಲು ಅದೇ.

ಇದರಲ್ಲೂ ಎಡವುವ ಜಾಗಗಳಿವೆ. ಒಂದೇ ಲ್ಯಾಪ್‌ಟಾಪಿನ ಕೇಬಲ್ ಪೋರ್ಟಿಗೆ ಒಂದು ಮ್ಯಾಕ್, ವೈಫೈಗೆ ಇನ್ನೊಂದು. ಕೇಬಲ್ಲಿನ ಮ್ಯಾಕ್ ರಿಸರ್ವ್ ಮಾಡಿ ವೈಫೈಯಲ್ಲಿ ಸೇರಿದರೆ ರೌಟರಿಗೆ ನೀವು ಅಪರಿಚಿತರು. ಫೋನ್‌ಗಳದ್ದು ಬೇರೆ ಕಥೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ರಿಂದ ಫೋನ್‌ಗಳು ಖಾಸಗಿತನಕ್ಕಾಗಿ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತವೆ. ಫೋನಿಗೆ ರಿಸರ್ವೇಶನ್ ಬೇಕೇ ಬೇಕು ಅಂದರೆ, ಆ ವೈಫೈಗೆ ಮಾತ್ರ ಆ ಸೆಟ್ಟಿಂಗ್ ಆಫ್ ಮಾಡಬೇಕು. ಇನ್ನೊಂದು, ರೌಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಪಟ್ಟಿ ಪೂರ್ತಿ ಹೋಗುತ್ತದೆ. ಪಟ್ಟಿಯ ಪುಟದ ಒಂದು ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಳ್ಳಿ. ಇಂಟರ್ನೆಟ್ ಕಂಪನಿ ಕೊಡುವ ಕೆಲವು ಡಬ್ಬಿಗಳಲ್ಲಿ ಈ ಸೌಲಭ್ಯ ಕಾಣಿಸುವುದೇ ಇಲ್ಲ. ಆಗ ಪೂಲನ್ನು ಚಿಕ್ಕದು ಮಾಡಿ ಹೊರಗಿನ ನಂಬರಿಗೆ ಸ್ಟ್ಯಾಟಿಕ್ ಹಾಕುವುದು ಬಿಟ್ಟರೆ ದಾರಿಯಿಲ್ಲ, ಅಥವಾ ಸ್ವಂತ ರೌಟರ್ ತರಬೇಕು.

ಅಂದಹಾಗೆ, ರಿಸರ್ವೇಶನ್ ಮಾಡಿದ ಕೂಡಲೇ ನಂಬರ್ ಬದಲಾಗುವುದಿಲ್ಲ. ಹಳೇ ಲೀಸ್ ಇನ್ನೂ ಜೀವಂತ. ಸಾಧನವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

## ನಂಬರೇ ಬೇಡ, ಹೆಸರು ಸಾಕು ಅನ್ನುವವರಿಗೆ

ಪ್ರಿಂಟರನ್ನು ನಂಬರಿನ ಬದಲು ಹೆಸರಿನಿಂದ ಹುಡುಕುವ ವ್ಯವಸ್ಥೆಯೂ ಇದೆ. ಕೊನೆಯಲ್ಲಿ 'ಡಾಟ್ ಲೋಕಲ್' ಬರುವ ಹೆಸರುಗಳು ಅಂಥವು. ಆಪಲ್ ಸಾಧನಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ವಿಂಡೋಸ್ ತಾನಾಗಿ ಪ್ರಿಂಟರ್ ಹುಡುಕಿ ಹಾಕಿಕೊಂಡಾಗ ಡಬ್ಲ್ಯುಎಸ್‌ಡಿ ಎಂಬ ಪೋರ್ಟ್ ಬಳಸುವುದುಂಟು, ಅದೂ ನಂಬರಿಗೆ ಅಂಟಿಕೊಂಡದ್ದಲ್ಲ. ಎಲ್ಲ ಸರಿ ಇದ್ದಾಗ ಸೊಗಸು. ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಹುಡುಕುವುದು ಬಲು ಕಷ್ಟ. ಮನೆಗೆ ಸಾಕು. ದಿನಕ್ಕೆ ನೂರಾರು ಬಿಲ್ ಹೊಡೆಯುವ ಕಡೆ ನಾನು ಐಪಿ ನಂಬರಿಗೇ ನೇರ ಕಳಿಸುವ ಟಿಸಿಪಿ/ಐಪಿ ಪೋರ್ಟ್ ಹಾಕಿ, ನಂಬರನ್ನು ರಿಸರ್ವ್ ಮಾಡಿಬಿಡುತ್ತೇನೆ.

## 169.254 ಕಂಡರೆ

ಕಂಪ್ಯೂಟರಿನ ಐಪಿ 169.254 ರಿಂದ ಶುರುವಾಗಿದ್ದರೆ ಅದು ಆಯ್ಕೆಯಲ್ಲ, ಲಕ್ಷಣ. ವಿಳಾಸ ಕೊಡಿ ಎಂದು ಕೂಗಿ ಕೂಗಿ ಯಾರೂ ಉತ್ತರಿಸದಿದ್ದಾಗ, ವಿಂಡೋಸ್ ತಾನೇ ಒಂದು ನಂಬರ್ ಆರಿಸಿ, ಬೇರೆ ಯಾರ ಹತ್ತಿರವಾದರೂ ಅದು ಇದೆಯೇ ಅಂತ ವಿಚಾರಿಸಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಗೇಟ್‌ವೇ ಇಲ್ಲ, ಇಂಟರ್ನೆಟ್ ಬರುವುದಿಲ್ಲ. ಕೇಬಲ್ ಸಡಿಲ ಇದೆಯಾ, ಸ್ವಿಚ್ಚಿಗೆ ಕರೆಂಟು ಇದೆಯಾ, ರೌಟರ್ ಎದ್ದಿದೆಯಾ, ಈ ಕ್ರಮದಲ್ಲಿ ನೋಡಿ. ಪೂಲ್ ತುಂಬಿಹೋಗಿದ್ದರೂ ಹೀಗಾಗುತ್ತದೆ. ಎರಡು ಲ್ಯಾಪ್‌ಟಾಪಿಗೆ ಒಂದೇ ಕೇಬಲ್ ಹಾಕಿ ಫೈಲ್ ಕಾಪಿ ಮಾಡಲು ಮಾತ್ರ ಇದು ಬೇಕಾದಷ್ಟಾಯಿತು.

## ಇಬ್ಬರು ಹಂಚುವವರು

ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೇ ರೌಟರನ್ನು ಹಿಂದಿನ ರೂಮಿಗೆ ವೈಫೈ ಬರಲಿ ಅಂತ ಹಾಕುವುದು ನಮ್ಮಲ್ಲಿ ಮಾಮೂಲು. ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿದರೆ ಕೆಲಸ ಮಾಡುತ್ತದೆ. ಆದರೆ ಅದರ ಒಳಗೂ ಡಿಎಚ್‌ಸಿಪಿ ಆನ್ ಇರುತ್ತದೆ. ಈಗ ಕೂಗಿದವರಿಗೆ ಇಬ್ಬರು ಆಫರ್ ಕೊಡುತ್ತಾರೆ. ಯಾರದು ಮೊದಲು ಮುಟ್ಟಿತೋ ಹೆಚ್ಚಾಗಿ ಅದೇ ಗೆಲ್ಲುತ್ತದೆ. ಹಳೇ ರೌಟರಿನಿಂದ ವಿಳಾಸ ಪಡೆದವರಿಗೆ ಗೇಟ್‌ವೇ ಅಂತ ಅದೇ ಹಳೇ ರೌಟರಿನ ನಂಬರ್ ಸಿಗುತ್ತದೆ, ಅದಕ್ಕೆ ಇಂಟರ್ನೆಟ್ಟೇ ಇಲ್ಲ. ಅರ್ಧ ಜನಕ್ಕೆ ನೆಟ್ ಇದೆ, ಅರ್ಧ ಜನಕ್ಕಿಲ್ಲ, ನಾಳೆ ಬೇರೆ ಅರ್ಧ.

ಹಿಡಿಯುವುದು ಹೇಗೆ? ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು 'ಡಿಎಚ್‌ಸಿಪಿ ಸರ್ವರ್' ಸಾಲು ನೋಡಿ. ಅಲ್ಲಿರುವ ನಂಬರ್ ನಿಮ್ಮ ಮುಖ್ಯ ರೌಟರಿನದಲ್ಲದಿದ್ದರೆ ಸಿಕ್ಕಿಬಿತ್ತು. ಎರಡೂ ರೌಟರ್‌ಗಳು ಕಾರ್ಖಾನೆಯಿಂದ ಒಂದೇ ನಂಬರಿನಲ್ಲಿ ಬಂದಿದ್ದರೆ ಈ ಸಾಲೂ ಮೋಸ ಮಾಡುತ್ತದೆ. ಆಗ ಹಳೇ ರೌಟರಿನ ಕೇಬಲ್ ಕಿತ್ತು ನೋಡುವುದೇ ಪರೀಕ್ಷೆ. ಸರಿಪಡಿಸಲು ಹಳೇ ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ಅದರ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿ. ದೊಡ್ಡ ಆಫೀಸುಗಳ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯ ಇದೆ, ಗೊತ್ತುಮಾಡಿದ ಪೋರ್ಟಿನಿಂದ ಬಂದ ಆಫರ್ ಬಿಟ್ಟು ಬೇರೆಯದನ್ನು ಒಳಗೆ ಬಿಡುವುದಿಲ್ಲ.

## ಐಪಿವಿ6ರಲ್ಲಿ ಇದೆಲ್ಲ ಹೇಗೆ?

ಇಲ್ಲಿವರೆಗೆ ಹೇಳಿದ್ದು ಐಪಿವಿ4 ನಂಬರ್‌ಗಳ ವಿಷಯ. ಐಪಿವಿ6 ಅದರ ನಂತರದ, ಉದ್ದನೆಯ ವಿಳಾಸಗಳ ಪದ್ಧತಿ, ನಮ್ಮ ದೇಶದಲ್ಲಿ ಅದರ ಬಳಕೆ ಜಾಸ್ತಿ. ನಿಮಗೆ ಗೊತ್ತಿಲ್ಲದೆ ನಿಮ್ಮ ಫೋನ್ ಆಗಲೇ ಅದರಲ್ಲಿರಬಹುದು. ಅಲ್ಲಿ ಕೇಳಿ ಪಡೆಯುವುದಕ್ಕಿಂತ ತಾನೇ ಮಾಡಿಕೊಳ್ಳುವುದು ವಾಡಿಕೆ. ರೌಟರ್ ವಿಳಾಸದ ಮೊದಲ 64 ಬಿಟ್ ಮಾತ್ರ ಸಾರುತ್ತದೆ, ಉಳಿದ 64 ಬಿಟ್ಟನ್ನು ಸಾಧನವೇ ತುಂಬಿಕೊಳ್ಳುತ್ತದೆ. ಇದಕ್ಕೆ ಸ್ಲಾಕ್ ಎನ್ನುತ್ತಾರೆ. ಮೊದಮೊದಲು ಉಳಿದ ಭಾಗವನ್ನು ಮ್ಯಾಕ್ ಅಡ್ರೆಸ್ಸಿನಿಂದ ಮಾಡುತ್ತಿದ್ದರು. ಹೋದಲ್ಲೆಲ್ಲ ಗುರುತು ಸಿಗುತ್ತದೆ ಅಂತ ಈಗ ಹೆಚ್ಚಾಗಿ ಮನಸ್ಸಿಗೆ ಬಂದ ಸಂಖ್ಯೆ ಬಳಸಿ, ಆಗಾಗ ಬದಲಿಸುತ್ತಾರೆ.

ಡಿಎಚ್‌ಸಿಪಿವಿ6 ಕೂಡ ಇದೆ. ಯಾವ ಸಾಧನಕ್ಕೆ ಯಾವ ವಿಳಾಸ ಅಂತ ದಾಖಲೆ ಬೇಕೆನ್ನುವ ಕಾಲೇಜು, ಕಂಪನಿಗಳಿಗೆ ಅದು ಇಷ್ಟ. ಆದರೆ ಒಂದೊಂದು ಸಾಧನಕ್ಕೆ ವಿಳಾಸ ಹಂಚುವ ಆ ಪದ್ಧತಿಯನ್ನು ಆಂಡ್ರಾಯ್ಡ್ ಬೆಂಬಲಿಸುವುದಿಲ್ಲ. ಫೋನ್‌ಗಳೇ ತುಂಬಿರುವ ಜಾಗದಲ್ಲಿ ಅದನ್ನೊಂದನ್ನೇ ನೆಚ್ಚಿಕೊಂಡರೆ ಕೆಟ್ಟಿರಿ. ಮನೆಗೆ, ಸಣ್ಣ ಆಫೀಸಿಗೆ ನನ್ನ ಸಲಹೆ: ಐಪಿವಿ6 ಸ್ಲಾಕ್‌ನಲ್ಲಿ ತನ್ನಷ್ಟಕ್ಕೆ ಇರಲಿ, ಪ್ರಿಂಟರ್ ಮತ್ತು ಡಿವಿಆರ್ ಹುಡುಕಲು ಐಪಿವಿ4 ನಂಬರನ್ನೇ ಬಳಸಿ. ಇಂಟರ್ನೆಟ್ ಕಂಪನಿ ಆ ಮೊದಲ 64 ಬಿಟ್ ಬದಲಿಸಿದರೆ ಒಳಗಿನ ಐಪಿವಿ6 ನಂಬರ್‌ಗಳೂ ಬದಲಾಗುತ್ತವೆ, ಪ್ರಿಂಟರಿಗೆ ಆ ಗೊಡವೆ ಬೇಡ.

## ನಿಮ್ಮದು ಯಾವ ಜಾಗ?

ಮನೆಯಾದರೆ ಎಲ್ಲ ಡಿಎಚ್‌ಸಿಪಿ. ಪ್ರಿಂಟರ್, ಕ್ಯಾಮೆರಾ ಇದ್ದರೆ ಅವೆರಡಕ್ಕೆ ರಿಸರ್ವೇಶನ್. ಮುಗಿಯಿತು.

ಅಂಗಡಿ ಅಥವಾ ಸಣ್ಣ ಆಫೀಸಾದರೆ ಮೊದಲು ನಂಬರ್‌ಗಳನ್ನು ಹಂಚಿಕೊಳ್ಳಿ. ನಾನು ಹೆಚ್ಚಾಗಿ ಮಾಡುವುದು: 1 ರಿಂದ 19 ರೌಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್‌ಗಳಿಗೆ ಸ್ಟ್ಯಾಟಿಕ್. 20 ರಿಂದ 99 ರಿಸರ್ವೇಶನ್, ಅದರಲ್ಲೂ ಪ್ರಿಂಟರ್‌ಗಳು ಇಪ್ಪತ್ತರಲ್ಲಿ, ಕ್ಯಾಮೆರಾಗಳು ಐವತ್ತರಲ್ಲಿ. 100 ರಿಂದ 249 ಪೂಲ್. ಕೆಲವು ರೌಟರ್‌ಗಳು ರಿಸರ್ವೇಶನ್ ಪೂಲಿನ ಒಳಗೇ ಇರಬೇಕು ಅಂತ ಹಟ ಮಾಡುತ್ತವೆ, ಆಗ ಪೂಲನ್ನು 20 ರಿಂದ ಶುರುಮಾಡಿ. ಅಕೌಂಟ್ಸ್ ಡೇಟಾ ಇರುವ ಕಂಪ್ಯೂಟರಿಗೆ ರಿಸರ್ವೇಶನ್ ಮಾಡಿ, ಕೇಬಲ್ಲಿನಲ್ಲೇ ಇಡಿ.

ಹೋಟೆಲಿನ ವಿಷಯ ಹೇಳುತ್ತೇನೆ ಅಂದಿದ್ದೆ. ಕೌಂಟರಿನಲ್ಲಿ ಬಿಲ್ಲಿಂಗ್ ಕಂಪ್ಯೂಟರ್, ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಹೊಡೆಯುವ ಕೆಒಟಿ ಪ್ರಿಂಟರ್, ನಡುವೆ ಸ್ವಿಚ್. ಇವೆರಡು ಮಾತಾಡಲು ರೌಟರೇ ಬೇಡ. ಭಾನುವಾರ ಮಧ್ಯಾಹ್ನದ ರಶ್ಶಿನಲ್ಲಿ ರೌಟರ್ ಕೆಟ್ಟಿತು ಅನ್ನಿ. ರಿಸರ್ವೇಶನ್ ಇದ್ದರೆ ಲೀಸ್ ಇರುವವರೆಗೆ ನಡೆಯುತ್ತದೆ. ಆದರೆ ಅದೇ ಹೊತ್ತಿಗೆ ಯಾರೋ ಕಾಗದದ ರೋಲ್ ಬದಲಿಸುವಾಗ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಅದಕ್ಕೆ ವಿಳಾಸ ಕೊಡುವವರೇ ಇಲ್ಲ, ಆರ್ಡರ್ ಎಲ್ಲ ಬಾಯಲ್ಲಿ ಕೂಗಬೇಕು. ಇಲ್ಲಿ ಎರಡಕ್ಕೂ ಸ್ಟ್ಯಾಟಿಕ್ಕೇ ಸರಿ, ಪೂಲಿನ ಹೊರಗಿನ ನಂಬರಿನಲ್ಲಿ. ಜೊತೆಗೆ ಆ ನಂಬರ್‌ಗಳು ಯಾರದೆಂದು ಒಂದು ಕಡೆ ಬರೆದಿಟ್ಟುಕೊಂಡಿರಿ.

ಶಾಲೆಯ ಲ್ಯಾಬಿನಲ್ಲಿ ಮೂವತ್ತು ನಲವತ್ತು ಕಂಪ್ಯೂಟರಿಗೆ ಒಂದೊಂದಾಗಿ ಸ್ಟ್ಯಾಟಿಕ್ ಬರೆಯುವುದು ಹಳೇ ಚಾಳಿ. ಹತ್ತನೇ ನಂಬರ್ ಯಂತ್ರಕ್ಕೆ ಹತ್ತನೇ ಐಪಿ ಅಂತ ಚೆಂದ ಕಾಣುತ್ತದೆ. ಆದರೆ ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಇಮೇಜ್ ಮಾಡಿ, ಅಂದರೆ ಪೂರ್ತಿ ನಕಲು ತೆಗೆದು, ಉಳಿದವಕ್ಕೆ ಹಾಕಿದ ದಿನ ಎಲ್ಲಕ್ಕೂ ಒಂದೇ ಐಪಿ ಆಗಬಹುದು. ನಂಬರ್ ಹೊಂದಿಸಲೇಬೇಕಿದ್ದರೆ ರಿಸರ್ವೇಶನ್ ಮಾಡಿ, ಇಮೇಜಿಗೂ ಅದಕ್ಕೂ ಸಂಬಂಧ ಇರುವುದಿಲ್ಲ.

ಪಿಜಿ, ಹಾಸ್ಟೆಲ್‌ಗಳದ್ದು ಬೇರೆಯೇ ಲೆಕ್ಕ. ಅಲ್ಲಿ ನಂಬರ್ ನಿಲ್ಲಿಸುವುದು ಸಮಸ್ಯೆಯಲ್ಲ, ಸಾಲದಿರುವುದು ಸಮಸ್ಯೆ. ಮಾಸ್ಕ್ 255.255.255.0 ಇದ್ದರೆ ಬಳಸಲು ಸಿಗುವುದು 254 ವಿಳಾಸ. ನೂರು ಜನ ಇದ್ದು ಒಬ್ಬೊಬ್ಬರಿಗೆ ಫೋನು, ಲ್ಯಾಪ್‌ಟಾಪು, ವಾಚು ಅಂದರೆ ಆಗಲೇ ಮುಗಿಯಿತು. ಯಾರಾದರೂ ವೈಫೈಯನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿದಾಗ ಕೆಲವು ಫೋನ್‌ಗಳು ಹೊಸ ಸುಳ್ಳು ಮ್ಯಾಕ್ ತರುತ್ತವೆ. ಹಳೇ ಲೀಸ್ ಮುಗಿಯುವವರೆಗೆ ಒಂದೇ ಫೋನು ಎರಡು ನಂಬರ್ ತಿನ್ನುತ್ತದೆ. ಲೀಸ್ 8 ದಿನ ಇದ್ದರೆ, ಕಳೆದ ವಾರ ಬಂದುಹೋದ ಅತಿಥಿಗಳ ಫೋನ್‌ಗಳೂ ಇನ್ನೂ ಜಾಗ ಹಿಡಿದು ಕೂತಿರುತ್ತವೆ. ರಾತ್ರಿ ಎಲ್ಲರೂ ರೂಮಿಗೆ ಬಂದ ಮೇಲೆ ಕೊನೆಗೆ ಬಂದವರಿಗೆ ನೆಟ್ ಇಲ್ಲ. ಇಲ್ಲಿ ಲೀಸನ್ನು ಎರಡು ಗಂಟೆಗೆ ಇಳಿಸಿ. ಸಾಲದಿದ್ದರೆ ಮಾಸ್ಕನ್ನು 255.255.254.0 ಮಾಡಿ. ರೌಟರ್ 192.168.0.1ರಲ್ಲಿದ್ದರೆ 192.168.0.1 ರಿಂದ 192.168.1.254 ರವರೆಗೆ 510 ವಿಳಾಸ ಸಿಗುತ್ತದೆ. ಮಾಸ್ಕ್ ಬದಲಿಸುವ ಮುಂಚೆ ಆ ಕಟ್ಟಡದಲ್ಲಿ ಕೈಯಾರೆ ಐಪಿ ಬರೆದ ಕ್ಯಾಮೆರಾ, ಡಿವಿಆರ್ ಯಾವುದಿದೆ ಎಂದು ಹುಡುಕಿಕೊಳ್ಳಿ. ಅವುಗಳ ಮಾಸ್ಕ್ ಖಾನೆಯನ್ನು ಒಂದೊಂದಾಗಿ ನೀವೇ ಹೋಗಿ ತಿದ್ದಬೇಕಾಗುತ್ತದೆ.